ಅಜ್ಜನ ಭಟ್ಟಿಯ ಪುನರುದ್ಧಾರ

“ಅಣ್ಣಾ, ಒಂದ್ ಗುಟುಕು ನೋಡ್ರಿ, ಅಜ್ಜನ ಕೈರುಚಿ ಬಂದದೇನು,” ಎನ್ನುತ್ತ ಮೈದುನ ಬಟ್ಟಲು ಚಾಚಿದ. ಮನೆತನದ ವಿದ್ಯೆ ಅಳಿಯಬಾರದೆಂದು ನಿಂಬರ್ಗಾದ ನಮ್ಮ ತೊಗರಿ ಹೊಲದಲ್ಲಿ ಬೆಲ್ಲದ ಸಾರಾಯಿ ಇಳಿಸಿದ್ದ ಮಹಾನುಭಾವ. ಕುಡಿತ ಬಿಟ್ಟು ವರ್ಷವಾಗಿದ್ದ ನಮ್ಮ ಯಜಮಾನರ ಕೈ ತಾನಾಗಿಯೇ ಮುಂದೆ ಹೋಯಿತು. ನಾನು ಶಿವನನ್ನು ನೆನೆದು, “ಗಟ್ಟಿ ಸಾರಾಯಿ ಬೆಂಕಿ ಹಿಡೀತದಂತ ಅಜ್ಜ ಮೊದಲ ಹಚ್ಚಿ ನೋಡ್ತಿದ್ರಲ್ಲ, ನೀನೂ ಹಚ್ಚಪಾ,” ಎಂದೆ.

ಅದರಲ್ಲಿ ಅದ್ದಿದ ಬತ್ತಿಗೆ ಕಡ್ಡಿ ಗೀರಿದರೆ ಚುಂಯ್ ಎಂದು ನಂದಿತು. ಗಡಿಗೆಯ ಬಾಯಿಗೆ ಅಜ್ಜ ಮೆತ್ತುತ್ತಿದ್ದ ಮಣ್ಣಿನ ಬದಲು ಈತ ಜೋಳದ ಹಿಟ್ಟು ಮೆತ್ತಿದ್ದನಂತೆ. ಅದು ಬಿರಿದು, ಕುಲವಿದ್ಯೆಯೆಲ್ಲ ಆವಿಯಾಗಿ ಹೊಲದ ಹಕ್ಕಿಗಳ ಪಾಲಾಗಿತ್ತು.

“ಇದಕ್ಕಿಂತ ನಿಮ್ಮ ವೈನಿ ಮಾಡೋ ಚಾನೇ ಖಡಕ್ ಅದ ಬಿಡಲೇ,” ಎಂದು ಯಜಮಾನರು ಬಟ್ಟಲು ಕೆಳಗಿಟ್ಟರು.

ನಮ್ಮ ಮನೆಯಲ್ಲಿ ಹಿರಿಯರ ವಿದ್ಯೆ ಅರ್ಧ ಮರೆತುಹೋಗಿತ್ತು. ಆ ಮರೆವಿಗಾಗಿ ಇಂದಿಗೂ ಪೂಜೆಯಲ್ಲಿ ಒಂದು ಬಿಲ್ವಪತ್ರೆ ಹೆಚ್ಚಿಗೆ ಏರಿಸುತ್ತೇನೆ.