ಹಲಗೆಗೆ ಅಪ್ರದಕ್ಷಿಣೆ

ಸಿಂಗಾಪುರದ ಜಲನ್ ಬೆಸಾರ್‌ನಲ್ಲಿ ಮರಗೆಲಸದ ಮಷೀನು ಮಾರುವ ನನ್ನ ಅಂಗಡಿಗೆ ಹೆಂಗಸರು ಬಂದರೆ, ಒಂದೋ ಗಂಡನನ್ನು ಹುಡುಕಿಕೊಂಡು ಬಂದಿರುತ್ತಾರೆ, ಇಲ್ಲವೇ ಪಕ್ಕದ ಬೀದಿಗೆ ದಾರಿ ಕೇಳಲು. ತೊಂಬತ್ನಾಲ್ಕರ ಒಂದು ಶನಿವಾರ ವಿನೋದಕ್ಕ ಬಂದವರೇ ಗಾಜಿನ ಕಪಾಟಿನ ಮೇಲೆ ಕೈಯೂರಿ, "ಸೇತಣ್ಣ, ರೌಟರ್ ತೋರಿಸಿ" ಎಂದರು.

ರೌಟರ್ ಎಂದರೆ ಮರದ ಅಂಚು ಕೆತ್ತುವ ಮಷೀನು. ಹೊಟ್ಟೆಯ ಕೆಳಗೆ ಒಂದು ಉಕ್ಕಿನ ಹಲ್ಲು ಗರಗರ ತಿರುಗುತ್ತದೆ. ಕೈಯಲ್ಲಿ ಹಿಡಿದು ಹಲಗೆಯ ಗುಂಟ ನಡೆಸಿದರೆ ಅಂಚು ಬೇಕಾದ ಆಕಾರಕ್ಕೆ ಬರುತ್ತದೆ.

"ಬಾಗಿಲಿಗಾ, ಕಪಾಟಿಗಾ?"

"ಸ್ಕೀಗೆ."

ಸಿಂಗಾಪುರದಲ್ಲಿ ಹಿಮ ಬೀಳುವುದು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಮಾತ್ರ. ಹಾಗೆಂದು ತಿಳಿಸಿದೆ.

"ನೀರಿನ ಸ್ಕೀ ಮಾರಾಯ್ರೆ. ಮುಂದೆ ಬೋಟು ಎಳೀತದೆ, ಹಿಂದೆ ನಾವು ಕಾಲಿಗೆ ಹಲಗೆ ಕಟ್ಟಿಕೊಂಡು ನೀರಿನ ಮೇಲೆ ನಿಂತು ಹೋಗುವುದು."

"ನೀವು ನಿಲ್ತೀರಾ?"

"ಸದ್ಯಕ್ಕೆ ಬೀಳ್ತೇನೆ."

ಮಲ್ಪೆ ಕಡೆಯ ಈ ವಿನೋದಕ್ಕ ಜುರಾಂಗ್‌ನ ಹಡಗುಕಟ್ಟೆಯಲ್ಲಿ ನಕ್ಷೆ ಬರೆಯುವವರು. ಎತ್ತರ ಐದಡಿಗೆ ಸ್ವಲ್ಪ ಬಾಕಿ. ಸಮುದ್ರದ ಪಕ್ಕದಲ್ಲೇ ಹುಟ್ಟಿದರೂ ಈಜು ಕಲಿತದ್ದು ನಲವತ್ತು ದಾಟಿದ ಮೇಲೆ, ಇಲ್ಲಿನ ಸಾರ್ವಜನಿಕ ಕೊಳದಲ್ಲಿ. ಅಷ್ಟಕ್ಕೇ ತೃಪ್ತಿಯಾಗದೆ ಕಲ್ಲಾಂಗ್ ನದಿಯ ಬದಿಯ ಒಂದು ಸ್ಕೀ ಕ್ಲಬ್ಬಿಗೆ ಹೋದರು. ಅಲ್ಲಿಯ ನಿಯಮ ಸರಳ: ಬೀಳದೆ ಒಂದು ಸುತ್ತು ಬಂದರೆ ಸದಸ್ಯತ್ವ. ಮೂರು ಅವಕಾಶ. ಕ್ಲಬ್ಬಿನ ಸ್ಕೀಗಳೋ ಆರಡಿ ಆಳುಗಳ ಅಳತೆಯವು. ಎರಡು ಸಲ ಬಿದ್ದಾಗಿತ್ತು. ಎರಡನೆಯ ಸಲ ಮೇಲೆತ್ತಿದ ಕೋಚ್ ಲಿಮ್ ಕರುಣೆಯಿಂದ, "ಆಂಟಿ, ಮಕ್ಕಳ ಸ್ಕೀ ತಗೊಳ್ಳಿ" ಎಂದನಂತೆ. ಅದರ ಮೇಲೆ ಹಳದಿ ಬಾತುಕೋಳಿಯ ಚಿತ್ರವಿತ್ತು.

"ಬಿದ್ದದ್ದು ಅಡ್ಡಿಯಿಲ್ಲ," ಎಂದರು ವಿನೋದಕ್ಕ, "ಬಾತುಕೋಳಿಯ ಮೇಲೆ ಮಾತ್ರ ನಾನು ಹತ್ತುವವಳಲ್ಲ. ಮುಂದಿನ ತಿಂಗಳು ಕೊನೇ ಅವಕಾಶ. ನನ್ನ ಅಳತೆಯ ಸ್ಕೀ ನಾನೇ ಮಾಡ್ತೇನೆ."

ನಾನು ವ್ಯಾಪಾರಿ. ಕೈ ತಾನಾಗಿಯೇ ದೊಡ್ಡದರ ಕಡೆ ಹೋಗುತ್ತದೆ. ವರ್ಷದಿಂದ ಕಪಾಟಿನಲ್ಲಿ ಕೂತು ನನ್ನನ್ನೇ ದುರುಗುಟ್ಟುತ್ತಿದ್ದ ಎರಡು ಹಿಡಿಯ ಭಾರಿ ರೌಟರನ್ನು ಇಳಿಸಿ, "ಇದು ಆನೆ. ಯಾವ ಮರವಾದರೂ ಬೆಣ್ಣೆ" ಎಂದೆ.

ಅವರು ಎತ್ತಿ ನೋಡಿ, "ಆನೆ ಸರಿ. ನಾನು ಮಾವುತನಾಗಬೇಕಲ್ಲ. ಚಾಲೂ ಮಾಡಿ" ಎಂದರು. ಚಾಲೂ ಮಾಡಿದೆ. ಎದುರಿನ ಕಾಫಿ ಅಂಗಡಿಯವನು ಸದ್ದಿಗೆ ಹೊರಗೆ ಬಂದು ನೋಡಿದ. "ನಮ್ಮ ಕೆಳಗಿನ ಮನೆಯವರು ನೇರ ಪೊಲೀಸಿಗೇ ಫೋನ್ ಮಾಡ್ತಾರೆ" ಎಂದು ವಿನೋದಕ್ಕ ಅದನ್ನು ನನ್ನ ಕಡೆಗೇ ತಳ್ಳಿದರು.

ನಡುವಿನದನ್ನು ತೋರಿಸಿದೆ. ಬಗ್ಗಿ ನೋಡಿ, ಹಲ್ಲು ಮರ ಕಚ್ಚುವ ಜಾಗ ಕಾಣುವುದಿಲ್ಲ ಎಂದರು. ಕೊನೆಗೆ ಅವರ ಕಣ್ಣು ಮೂಲೆಯಲ್ಲಿದ್ದ ಪುಟ್ಟದರ ಮೇಲೆ ಬಿತ್ತು. ಮೇಜಿನ ಅಂಚಿಗೆ ಅಂಟಿಸಿದ ತೆಳು ಹಾಳೆ ಸವರಲು ಬಳಸುವ ಒಂದು ಕೈಯ ಮಷೀನು.

"ಅದು ಮಗು," ಎಂದೆ. "ಒಂದೇ ಸಲಕ್ಕೆ ಇಡೀ ದಪ್ಪ ಕಚ್ಚೋದಿಲ್ಲ."

"ನಾಲ್ಕು ಸಲ ಕಚ್ಚಲಿ. ನನಗೇನು ಬೋಟು ಹೊರಡ್ತದಾ?"

ಮಗುವನ್ನೇ ಕಟ್ಟಿಸಿಕೊಂಡು ಹೋದರು. ಜೊತೆಗೆ ತುದಿಯಲ್ಲಿ ಸಣ್ಣ ಚಕ್ರವಿರುವ ಒಂದು ಹಲ್ಲನ್ನೂ. ಆಕಾರಕ್ಕೆ ಕತ್ತರಿಸಿದ ಮಾದರಿ ಹಲಗೆಯನ್ನು ಮೇಲಿಟ್ಟರೆ ಚಕ್ರ ಅದರ ಅಂಚಿಗೆ ಒರಗಿ ಓಡುತ್ತದೆ. ಹಲ್ಲು ಕೆಳಗಿನ ಮರವನ್ನು ಅದೇ ಆಕಾರಕ್ಕೆ ಕೊರೆಯುತ್ತದೆ.

ಜುರಾಂಗ್ ಈಸ್ಟ್‌ನ ಅವರ ಫ್ಲ್ಯಾಟಿನ ಮಲಗುವ ಕೋಣೆಯಿಂದ ಮಂಚ ಹೊರಬಿತ್ತು. ತೆಳು ಪ್ಲೈವುಡ್ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ, ಮೂತಿ ಮೇಲಕ್ಕೆ ಬಾಗುವ ಹಾಗೆ ಬಿಗಿದು ಒಣಗಿಸಿದರು. ಊರಿಂದ ಬಂದಿದ್ದ ಅತ್ತೆ, "ಸೊಸೆ ತೊಟ್ಟಿಲು ಮಾಡ್ತಾಳೆ ಅಂದ್ಕೊಂಡೆ, ಈ ವಯಸ್ಸಿಗೆ ಯಾರಿಗೆ ಅಂತ ಕೇಳ್ಲಿಲ್ಲ" ಎಂದು ಆಮೇಲೆ ನನಗೆ ಹೇಳಿದರು.

ಕೊನೆಯ ಅವಕಾಶಕ್ಕೆ ವಾರವಷ್ಟೇ ಉಳಿದಿದ್ದ ಭಾನುವಾರ ವಿನೋದಕ್ಕನ ಫೋನು ಬಂತು.

"ಸೇತಣ್ಣ, ನಿಮ್ಮ ಮಗುವಿಗೆ ಹುಚ್ಚು. ಹಿಡಿದಲ್ಲಿ ನಿಲ್ಲೋದಿಲ್ಲ, ತಾನೇ ಓಡ್ತದೆ. ಒಂದು ಸ್ಕೀಯ ಅಂಚು ಹೆಬ್ಬೆರಳಗಲ ತಿಂದು ಹಾಕಿತು."

"ಯಾವ ದಿಕ್ಕಿಗೆ ಸುತ್ತಿದಿರಿ?"

"ಯಾವ ದಿಕ್ಕು ಅಂದ್ರೆ ಎಂತದು? ಎಲ್ಲರೂ ಸುತ್ತುವ ದಿಕ್ಕು."

"ದೇವಸ್ಥಾನದ ದಿಕ್ಕಾ?"

"ಮತ್ತೆ?"

ಮೂವತ್ತು ವರ್ಷದಲ್ಲಿ ಚೀನಿ, ಮಲಯ ಗಿರಾಕಿಗಳು ಬಗೆಬಗೆಯ ತಪ್ಪು ಮಾಡಿದ್ದಾರೆ. ಈ ತಪ್ಪಿಗೆ ಮಾತ್ರ ನಮ್ಮವರೇ ಬೇಕು. ವಿನೋದಕ್ಕ ಹಲಗೆಯನ್ನು ಬಲಕ್ಕಿಟ್ಟುಕೊಂಡು ಭಕ್ತಿಯಿಂದ ಪ್ರದಕ್ಷಿಣೆ ಬಂದಿದ್ದಾರೆ. ಹಾಗೆ ಹೋದರೆ ಹಲ್ಲು ತಿರುಗುವ ದಿಕ್ಕೂ ಕೈ ಹೋಗುವ ದಿಕ್ಕೂ ಒಂದಾಗಿ ಮಷೀನು ಚಕ್ರದ ಹಾಗೆ ಉರುಳಿ ಓಡುತ್ತದೆ. ಹಲಗೆಯ ಹೊರ ಅಂಚಿಗೆ ಎಡಸುತ್ತೇ, ಅಪ್ರದಕ್ಷಿಣೆಯೇ ಸರಿ ಎಂದು ತಿಳಿಸಿದೆ. ಆನೆಯನ್ನು ಕೊಂಡಿದ್ದರೆ ಅದು ಹೆಬ್ಬೆರಳಗಲ ಮರವನ್ನಲ್ಲ, ಹೆಬ್ಬೆರಳನ್ನೇ ಕೇಳುತ್ತಿತ್ತು. ಈ ಕೊನೆಯ ಮಾತನ್ನು ಮಾತ್ರ ಫೋನಿನಲ್ಲಿ ಹೇಳಲಿಲ್ಲ. ವ್ಯಾಪಾರಿ ತನ್ನ ಆನೆಯನ್ನು ತಾನೇ ಬೈಯಬಾರದು.

ಹಿಂದಿನಿಂದ ಅತ್ತೆಯ ದನಿ ಕೇಳಿಸಿತು. "ಅಪ್ರದಕ್ಷಿಣೆಯಾ? ಅದು ಸಾವಿನ ಮನೇಲಿ ಬರುವುದು. ನಾನಿರುವಾಗ ಬೇಡ."

"ಅತ್ತೆ, ಇದು ಹಲಗೆ."

"ನೀನು ಅದರ ಮೇಲೆ ಜೀವ ಇಡ್ತಿ ಅಲ್ವಾ?"

ಕೊನೆಗೆ ಅತ್ತೆಯೇ ತೀರ್ಪು ಕೊಟ್ಟರು: ಮಷೀನು ಬಂದ್ ಇಟ್ಟು ಮೊದಲು ಬಲಕ್ಕೆ ಒಂದು ಸುತ್ತು; ಶಾಸ್ತ್ರ ಮುಗಿಯಿತು. ಆಮೇಲೆ ಯಂತ್ರದ ಶಾಸ್ತ್ರ.

ಆ ಬಂದ್ ಸುತ್ತಿನಲ್ಲೇ ವಯರು ಮೇಜಿನ ಕಾಲಿಗೆ ಸಿಕ್ಕಿಕೊಳ್ಳುವುದು ಕಂಡಿತಂತೆ. ಬಿಡಿಸಿ ಮೇಲಿಂದ ಇಳಿಬಿಟ್ಟರು. ಅಂದಿನಿಂದ ನಾನೂ ಗಿರಾಕಿಗಳಿಗೆ ಮೊದಲ ಸುತ್ತು ಬಂದ್ ಸುತ್ತು ಎಂದು ಹೇಳಿಕೊಡುತ್ತೇನೆ. ಸಲಹೆ ಯಾರದ್ದೆಂದು ಅವರು ಕೇಳುವುದಿಲ್ಲ.

ಹೊಸ ಹಲಗೆ ಅಂಟಿಸಿ ಒಣಗಿಸಲು ವೇಳೆಯಿರಲಿಲ್ಲ. ವಿನೋದಕ್ಕ ಮಾದರಿಯನ್ನೇ ಆ ಕಚ್ಚಿದ ಗಾಯ ಅಳಿಸಿಹೋಗುವಷ್ಟು ಕಿರಿದು ಮಾಡಿ, ಎರಡೂ ಸ್ಕೀಗಳನ್ನು ಅದೇ ಅಗಲಕ್ಕೆ ಇಳಿಸಿದರು.

"ಇಷ್ಟು ಸಪೂರ ಸ್ಕೀ ನಿಮ್ಮನ್ನು ಹೊರ್ತದಾ?" ಎಂದೆ.

"ನನ್ನ ತೂಕ ನಿಮ್ಮದಲ್ಲವಲ್ಲ" ಎಂದರು.

ಕೊನೆಯ ಅವಕಾಶದ ಬೆಳಿಗ್ಗೆ ನಾನು ಅಂಗಡಿ ಮುಚ್ಚಿ ಹೋದೆ. ದಡದಲ್ಲಿ ಅತ್ತೆ ಕೊಡೆ ಹಿಡಿದು ನಿಂತಿದ್ದರು. ಕೋಚ್ ಲಿಮ್ ವಾರ್ನಿಶಿನ ಆ ಜೋಡಿಯನ್ನು ತಿರುಗಿಸಿ ನೋಡಿ, "ಯಾವ ಕಂಪನಿ, ಆಂಟಿ?" ಎಂದು ಕೇಳಿದ.

"ಜುರಾಂಗ್ ಈಸ್ಟ್. ಮಲಗುವ ಕೋಣೆ."

ಬೋಟು ಗುರ್ ಎಂದಿತು. ಹಗ್ಗ ಬಿಗಿಯಿತು. ವಿನೋದಕ್ಕ ಮೊದಲು ನೀರಿನಲ್ಲಿ ಬರೀ ತಲೆ, ಆಮೇಲೆ ಮೊಣಕಾಲು, ಆಮೇಲೆ ನೆಟ್ಟಗೆ ನಿಂತ ಇಡೀ ಹೆಂಗಸು. ದೂರದಲ್ಲಿ ತೇಲುತ್ತಿದ್ದ ಗುರುತಿನ ಬುರುಡೆಯ ಬಳಿ ಬೋಟು ಎಡಕ್ಕೆ ಹೊರಳಿತು. ಕ್ಲಬ್ಬಿನ ಸ್ಕೀಗಳು ಅವರನ್ನು ಬೀಳಿಸಿದ್ದು ಅಲ್ಲೇ. ಸಪೂರ ಸ್ಕೀ ಅಂಚಿನ ಮೇಲೆ ವಾಲಿ, ನೀರನ್ನು ಸೀಳಿಕೊಂಡು ತಿರುಗಿತು.

"ಇಲ್ಲೂ ಅಪ್ರದಕ್ಷಿಣೆಯೇ" ಎಂದರು ಅತ್ತೆ. ಕೊಡೆ ಮಾತ್ರ ಆಗಲೇ ಮಡಿಸಿದ್ದರು, ಚೆನ್ನಾಗಿ ಕಾಣಲೆಂದು.

ಸುತ್ತು ಮುಗಿಯಿತು. ಲಿಮ್ ದಡದಿಂದ ಎರಡೂ ಹೆಬ್ಬೆರಳು ಎತ್ತಿ ತೋರಿಸಿದ. ವಿನೋದಕ್ಕ ಇನ್ನು ಹಗ್ಗ ಬಿಟ್ಟು ನೀರಿಗಿಳಿಯಬಹುದಿತ್ತು.

"ಒಂದೇ ಸುತ್ತಾ?" ಎಂದರು ಅತ್ತೆ ನನ್ನ ಕಡೆ ತಿರುಗಿ. "ಒಂದು ಗಣಪತಿಗೆ ಸಾಕು. ಉಳಿದವರಿಗೆ?"

ವಿನೋದಕ್ಕನಿಗೆ ಅದು ಕೇಳಿಸಿರಲು ಸಾಧ್ಯವಿಲ್ಲ. ಆದರೂ ಒಂದು ಕೈ ಬಿಟ್ಟು, ಬೆರಳನ್ನು ಗಾಳಿಯಲ್ಲಿ ಸುತ್ತಿಸಿ ಬೋಟಿನವನಿಗೆ ತೋರಿಸಿದರು: ಇನ್ನೊಂದು. ಎಡಕ್ಕೆ.