ಅವ್ವನ ಸೆರಗಿನ ಎಳೆ

ಇದು ಮೂರು ವರ್ಷದ ಹಿಂದಿನ ಮಾತು. ಆಗ ಇಳಕಲ್ಲಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಎಂಟನೇ ತರಗತಿಗೆ ವಿಜ್ಞಾನ ಕಲಿಸುತ್ತಿದ್ದೆ. ಈಗಲೂ ಅಲ್ಲೇ ಇದ್ದೇನೆ. ಅವ್ವ ತೀರಿಕೊಂಡ ಹದಿನೈದನೇ ದಿನಕ್ಕೆ ಕೆಲಸಕ್ಕೆ ಮರಳಿದೆ. ಅಲ್ಲಿಯವರೆಗೆ ನನಗೆ ಅಳು ಬಂದಿರಲಿಲ್ಲ.

ಅವ್ವ ನೇಕಾರಳು. ಇಳಕಲ್ ಸೀರೆಗೆ ಒಡಲು ಹತ್ತಿಯದಾದರೆ ಸೆರಗು ರೇಷ್ಮೆಯದು. ನನ್ನ ಮದುವೆಗೆ ಸೀರೆ ನೇಯ್ದಾಗ ತನಗೂ ಅಂಥದ್ದೇ ಒಂದು ನೇಯ್ದುಕೊಂಡಿದ್ದಳು. “ನಿಂದೂ ರೇಷ್ಮಿ, ನಂದೂ ರೇಷ್ಮಿ. ಒಂದೇ ಮಗ್ಗದಾಗ ಹುಟ್ಯಾವು” ಎಂದಿದ್ದಳು. ಜೀವಮಾನವಿಡೀ ಬೇರೆಯವರಿಗೆ ರೇಷ್ಮೆ ನೇಯ್ದವಳು ತಾನೂ ಒಂದನ್ನು ಉಟ್ಟಳಲ್ಲ ಎಂಬುದೊಂದೇ ಆ ದಿನಗಳಲ್ಲಿ ನನಗಿದ್ದ ಸಮಾಧಾನ.

ಕೆಲಸಕ್ಕೆ ಮರಳಿದ ದಿನದ ಪಾಠ ಸಸ್ಯ ಸಾಮ್ರಾಜ್ಯ ಮತ್ತು ಪ್ರಾಣಿ ಸಾಮ್ರಾಜ್ಯ. ಸಸ್ಯ ತನ್ನ ಆಹಾರವನ್ನು ತಾನೇ ತಯಾರಿಸುತ್ತದೆ. ಅದರ ಜೀವಕೋಶಕ್ಕೆ ಸೆಲ್ಯುಲೋಸಿನ ಗೋಡೆಯಿದೆ. ಪ್ರಾಣಿ ಇನ್ನೊಂದನ್ನು ತಿಂದು ಬದುಕುತ್ತದೆ. ಅದರ ಕೋಶಕ್ಕೆ ಗೋಡೆಯಿಲ್ಲ. ಹತ್ತಿ ಸೆಲ್ಯುಲೋಸ್, ಸುಟ್ಟರೆ ಕಾಗದದ ವಾಸನೆ. ಕೂದಲು, ರೇಷ್ಮೆ ಎರಡೂ ಪ್ರೋಟೀನ್, ಸುಟ್ಟರೆ ಕಮಟು ವಾಸನೆ.

ತೋರಿಸಲೆಂದು ಅವ್ವನ ಸೀರೆಯಿಂದಲೇ ಎಳೆಗಳನ್ನು ತಂದಿದ್ದೆ. ಹಲಗೆಯ ಮೇಲೆ ಮೊದಲೇ ಬರೆದೆ: ಒಡಲು – ಸಸ್ಯ, ಸೆರಗು – ಪ್ರಾಣಿ.

ಮೇಣದಬತ್ತಿ ಹಚ್ಚಿ, ಚಿಮಟದಲ್ಲಿ ಹಿಡಿದು ಹತ್ತಿಯ ಎಳೆ ಸುಟ್ಟೆ. ಕಾಗದದ ವಾಸನೆ ಬಂತು. ಕೂದಲು ಬೇಕಾಯಿತು.

“ಈಕಿ ಜಡಿನs ಸುಡೂಣ್ರಿ ಟೀಚರ್, ಹೆಂಗಿದ್ರೂ ಹೇನು ಭಾಳ ಅದಾವು” ಎಂದಳು ಒಬ್ಬಳು, ಪಕ್ಕದವಳ ಜಡೆ ಹಿಡಿದೆತ್ತಿ.

“ನಿನ್ನ ನಾಲಿಗಿ ಸುಡೂಣು, ಅದೂ ಪ್ರಾಣಿನ ಐತಿ!” ಎಂದಳು ಜಡೆಯವಳು.

ಎಲ್ಲರೂ ನಕ್ಕರು. ನನ್ನದೇ ಒಂದು ಕೂದಲು ಕಿತ್ತು ಸುಟ್ಟೆ. ಮೂಗು ಮುಚ್ಚಿಕೊಂಡರು. ಕೊನೆಗೆ ಸೆರಗಿನ ಎಳೆ.

“ಹಾಳಿ ಸುಟ್ಟಂಗ ಬರಾಕತ್ತೇತ್ರಿ” ಎಂದಳು ಮುಂದಿನ ಸಾಲಿನ ಶಾಹೀನ್. ಅವಳ ಮನೆಯಲ್ಲಿ ಮಗ್ಗವಿದೆ.

ಎಳೆ ಅದಲುಬದಲಾಗಿರಬೇಕೆಂದು ಇನ್ನೊಂದು ಸುಟ್ಟೆ. ಮತ್ತೆ ಕಾಗದದ ವಾಸನೆಯೇ. ಬೂದಿ ಬೆರಳಿಗೆ ಮೆತ್ತಗೆ ಹತ್ತಿತು.

“ಇದು ರೇಷ್ಮಿ ಅಲ್ರಿ ಟೀಚರ್, ಚಮಕಾ ಐತಿ. ನಿಮಗ ಯಾರೋ ಮೋಸ ಮಾಡ್ಯಾರ್ರಿ.”

ಚಮಕಾ ಎಂದರೆ ಕಟ್ಟಿಗೆಯ ತಿರುಳಿನಿಂದ ಕಾರ್ಖಾನೆಯಲ್ಲಿ ತೆಗೆದ ನೂಲು. ಹೊಳಪು ರೇಷ್ಮೆಯದು, ಮೂಲ ಸಸ್ಯದ್ದು.

“ಹೌದವಾ, ಚಮಕಾನ” ಎಂದೆ. ಹಲಗೆಯ ಮೇಲಿನ ‘ಪ್ರಾಣಿ’ ಒರೆಸಿ ‘ಸಸ್ಯ’ ಎಂದು ಬರೆದೆ. ಅಕ್ಷರ ನೆಟ್ಟಗೇ ಬಂದವು. ಗಂಟೆ ಹೊಡೆಯುವವರೆಗೆ ಪಾಠ ಮುಂದುವರಿಸಿದೆ.

ಮನೆಗೆ ಬಂದು ನನ್ನ ಮದುವೆಯ ಸೀರೆ ತೆಗೆದೆ. ಸೆರಗಿನ ಕುಚ್ಚಿನಿಂದ ಒಂದೆಳೆ ಜಗ್ಗಿ ಸುಟ್ಟೆ. ಕೂದಲು ಸುಟ್ಟ ವಾಸನೆ ಅಡುಗೆಮನೆ ತುಂಬಿತು. ಇದ್ದ ರೇಷ್ಮೆಯನ್ನೆಲ್ಲ ಅವ್ವ ನನ್ನ ಸೆರಗಿಗೆ ಹಾಕಿದ್ದಳು. ಕಿಟಕಿ ತೆರೆದೆ. ಆಗಲೂ ಅಳು ಬರಲಿಲ್ಲ.

ಪ್ರಯೋಗಕ್ಕೆ ಮೊದಲೇ ಫಲಿತಾಂಶ ಬರೆಯಬಾರದೆಂದು ಮಕ್ಕಳಿಗೆ ವರ್ಷಗಟ್ಟಲೆ ಹೇಳಿದವಳು ನಾನು. ಅಂದು ಅದನ್ನು ಕಲಿತೆ. ಈಗ ಆ ಪಾಠಕ್ಕೆ ಎರಡೂ ಸೀರೆಗಳ ಎಳೆ ಒಯ್ಯುತ್ತೇನೆ. ಮೊದಲು ಸುಟ್ಟು ಮೂಸುತ್ತೇವೆ, ಆಮೇಲೆ ಬರೆಯುತ್ತೇವೆ. ವರ್ಷಕ್ಕೆ ಒಂದೆಳೆಯಂತೆ ಅವ್ವನ ಸೆರಗಿನ ಕುಚ್ಚು ತೆಳುವಾಗುತ್ತಿದೆ.