ಅರಿಸಿನ ಅನ್ನದ ತುದಿ

ಕೀಲ್ಪಾಕಿನ ಆಸ್ಪತ್ರೆಯ ಎದುರಿನ ಉಡುಪಿ ಹೋಟೆಲು. ನಾನು ಹೇಳಿದ ದೋಸೆ ಯಾರಿಗೂ ನೆನಪಿಲ್ಲ. ಇಡೀ ಅಡುಗೆಮನೆ ಸಿತಿ ಎಂಬ ಜಾವಾದ ಹೆಂಗಸಿನ ಸುತ್ತ ನಿಂತಿದೆ. ಆಕೆಯ ಗಂಡ ಹೃದಯದ ಆಪರೇಷನ್ ಗೆದ್ದು ಇವತ್ತೇ ಹೊರಬಂದಿದ್ದಾನೆ. ಇಂಥ ದಿನ ಅವರ ಕಡೆ ಅರಿಸಿನದ ಅನ್ನವನ್ನು ಬೆಟ್ಟದ ಹಾಗೆ ನಿಲ್ಲಿಸಿ, ಹತ್ತಿರ ಇದ್ದವರನ್ನೆಲ್ಲ ಕೂರಿಸಿಕೊಂಡು ಉಣ್ಣಬೇಕಂತೆ.

ಅನ್ನ ಎರಡು ಸಲ ಕುಸಿಯಿತು. "ತಡೀರಿ ಮಾರಾಯ್ರೆ" ಎಂದ ಕುಂದಾಪುರದ ಅಡುಗೆಯ ಸುಬ್ಬಣ್ಣ, ಊರಲ್ಲಿ ಮೂಡೆ ಇಡ್ಲಿಗೆ ಎಲೆ ಸುತ್ತುವ ಹಾಗೆ ಬಾಳೆಲೆಯನ್ನು ಆಲಿಕೆಯಂತೆ ಸುತ್ತಿ, ಕಡ್ಡಿ ಚುಚ್ಚಿ, ಅನ್ನ ಒತ್ತಿ ಬೋರಲು ಹಾಕಿದ. ಬೆಟ್ಟ ನಿಂತಿತು. "ಸೂಪರ್ ಮಾ" ಎಂದ ಒಬ್ಬ ಆಟೋದವನು.

ಮೇಜು ಸರಿಸಿ ನೆಲದ ಮೇಲೆ ಕೂತೆವು: ನರ್ಸುಗಳು, ಆಟೋದವರು, ಹೋಟೆಲಿನ ಯಜಮಾನರಾದ ಭಟ್ಟರು. ಸಿತಿಯ ಗಂಡ ಅರಬ್ಬಿಯಲ್ಲಿ ಪ್ರಾರ್ಥಿಸಿದ. ಆಮೇಲೆ ಅವರ ಭಾಷೆಯಲ್ಲಿ ಭತ್ತದ ದೇವಿ ಶ್ರೀಯನ್ನೂ ನೆನೆದ.

"ನೀವು ಮುಸ್ಲಿಮರಲ್ವಾ?" ಎಂದು ಇಂಗ್ಲಿಷಿನಲ್ಲಿ ಕೇಳಿದೆ.

"ಹೌದು. ಅದಕ್ಕೆ ಅನ್ನ ಕೊಟ್ಟವಳನ್ನ ಮರೀಬೇಕಾ?" ಎಂದಳು ಸಿತಿ.

ಬೆಟ್ಟದ ತುದಿ ಅಲ್ಲಿರುವವರಲ್ಲೇ ದೊಡ್ಡವರಿಗೆ ಸಲ್ಲಬೇಕಂತೆ. ಭಟ್ಟರು ಎಲೆ ಸರಿಮಾಡಿಕೊಂಡರು. ಸಿತಿ ತುದಿ ಕತ್ತರಿಸಿ, ಅವರನ್ನು ದಾಟಿ, ಬಾಗಿಲಲ್ಲಿ ಸೌಟು ಹಿಡಿದಿದ್ದ ಸುಬ್ಬಣ್ಣನ ಕೈಗೆ ಕೊಟ್ಟಳು. ಅವನು ನಿಂತೇ ಬಾಯಿಗಿಡಲು ಹೊರಟ. ಸಿತಿ ಬೇಡವೆಂದು ತಲೆಯಾಡಿಸಿ ನೆಲ ತೋರಿಸಿದಳು.

ಸುಬ್ಬಣ್ಣ ಕೂತ. ಅವನ ಮುಂದೆ ನೀರಿನ ಲೋಟ ತಂದಿಟ್ಟವರು ಭಟ್ಟರು.